ಮನೆಗೊಂದು ನಿಯಮ, ಆಟಕ್ಕೊಂದು ನ್ಯಾಯ

ಚೌಕಾಬಾರದ ಸುತ್ತ ನಾಲ್ಕು ಜನ ಕುಳಿತಿದ್ದಾರೆ ಎನ್ನಿ. ಅವರಲ್ಲಿ ಒಬ್ಬರು ಬೇರೆ ಊರಿನಿಂದ ಬಂದವರಾದರೆ ಸಾಕು, ನಾಲ್ಕು ಗರ ಬೀಳುವಷ್ಟರಲ್ಲಿ "ನಮ್ಮ ಮನೇಲಿ ಹಾಗಲ್ಲಪ್ಪ!" ಎಂಬ ಮಾತು ಬಂದೇ ಬರುತ್ತದೆ. ಒಂದು ಮನೆಯಲ್ಲಿ ಎದುರಾಳಿಯ ಕಾಯನ್ನು ಒಂದಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಪಕ್ಕದ ಮನೆಯಲ್ಲಿ ಆ ಕಟ್ಟು ಇಲ್ಲವೇ ಇಲ್ಲ. ಒಬ್ಬರಿಗೆ ಕವಡೆಯೇ ಆಗಬೇಕು, ಇನ್ನೊಬ್ಬರಿಗೆ ಉಜ್ಜಿದ ಹುಣಸೆಬೀಜವೂ ಆದೀತು. ಯಾವುದು ಸರಿ? ಹುಳಿಗೆ ಬೆಲ್ಲ ಹಾಕುವ ಮನೆ ಸರಿಯೋ, ಹಾಕದ ಮನೆ ಸರಿಯೋ ಎಂದು ಕೇಳಿದ ಹಾಗೆ. ಉಣ್ಣುವವರು ಒಪ್ಪಿದರೆ ಎರಡೂ ಸರಿ.

ಆಡುವವರೇ ಕೂತು ಮಾಡಿಕೊಂಡ ಇಂಥ ಕಟ್ಟಳೆಗೆ ಇಂಗ್ಲಿಷಿನವರು 'ಹೌಸ್ ರೂಲ್' ಎನ್ನುತ್ತಾರೆ. ನಾವು ಮನೆನಿಯಮ ಎನ್ನೋಣ. ಇಂಥ ಮನೆನಿಯಮಗಳಿಂದಲೇ ಹುಟ್ಟಿ, ಅವುಗಳಿಂದಲೇ ಬೆಳೆದ ಆಟವೊಂದು ಅಮೆರಿಕದಲ್ಲಿದೆ. ಅದರ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್', ಅಂದರೆ ನೆಲಮಾಳಿಗೆಗಳು ಮತ್ತು ಘಟಸರ್ಪಗಳು. 2016ರಲ್ಲಿ ಬಂದ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ಹುಡುಗರು ಈ ಆಟ ಆಡುವುದನ್ನು ನೋಡಿದ ಮೇಲೆ ನಮ್ಮ ಮಕ್ಕಳ ಬಾಯಲ್ಲೂ ಇದರ ಹೆಸರು ಕೇಳಿಬರುತ್ತಿದೆ. ಹೊರದೇಶದಿಂದ ಬಂದ ಬಂಧುಗಳು ಪೆಟ್ಟಿಗೆಯನ್ನೇ ತಂದುಕೊಡುವುದೂ ಉಂಟು.

ಪೆಟ್ಟಿಗೆ ಬಂದ ಎರಡನೆಯ ದಿನಕ್ಕೇ ದೂರು ಅಡುಗೆಮನೆಗೆ ಬರುತ್ತದೆ. "ಅಮ್ಮಾ, ಅಣ್ಣ ನನ್ನನ್ನ ಸಾಯಿಸಿಬಿಟ್ಟ! ಈಗ ನಂಗೆ ಆಟಾನೇ ಇಲ್ಲವಂತೆ!" ದೊಡ್ಡವನು ದಪ್ಪ ಪುಸ್ತಕ ತೋರಿಸಿ, "ರೂಲ್ ಇರೋದೇ ಹಾಗೆ" ಎನ್ನುತ್ತಾನೆ. ಒಗ್ಗರಣೆ ಒಂದು ಕಡೆ, ನ್ಯಾಯ ಒಂದು ಕಡೆ. ಆಟವೇ ಗೊತ್ತಿಲ್ಲದ ತಾಯಿ ಏನೆಂದು ತೀರ್ಪು ಕೊಡಬೇಕು? ಹಾಗೆಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಬೇಕಾಗಿಲ್ಲ. ಈ ಆಟದ ಜಗಳಗಳಲ್ಲಿ ಬಹುಪಾಲು ಒಂದೆರಡು ಒಳ್ಳೆಯ ಮನೆನಿಯಮಗಳಿಂದ ತಾವಾಗಿಯೇ ತಣ್ಣಗಾಗುತ್ತವೆ.

ಏನಿದು ಆಟ?

ತಾಳಮದ್ದಲೆ ನೋಡಿದವರಿಗೆ ಇದು ಬೇಗ ಅರ್ಥವಾದೀತು. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗ ನಡೆಸುತ್ತಾರೆ. ಅರ್ಥಧಾರಿಗಳು ಕುಳಿತಲ್ಲೇ ಕರ್ಣನಾಗಿ, ಕೃಷ್ಣನಾಗಿ ಆ ಹೊತ್ತಿಗೆ ಹೊಳೆದ ಮಾತು ಕಟ್ಟಿ ಆಡುತ್ತಾರೆ. ಈ ಆಟವೂ ಹೆಚ್ಚು ಕಡಿಮೆ ಹಾಗೆಯೇ. ಮೇಜಿನ ಸುತ್ತ, ನಮ್ಮಲ್ಲಾದರೆ ಚಾಪೆಯ ಮೇಲೆ, ನಾಲ್ಕೈದು ಜನ ಕೂರುತ್ತಾರೆ. ಕಥೆ ನಡೆಸುವವರಿಗೆ 'ಡಂಜನ್ ಮಾಸ್ಟರ್' ಎಂದು ಹೆಸರು. ನಮ್ಮ ಪಾಲಿಗೆ ಸೂತ್ರಧಾರ. ಉಳಿದವರಿಗೆ ಒಂದೊಂದು ಪಾತ್ರ. ಒಬ್ಬಳು ಕತ್ತಿ ಹಿಡಿದ ಯೋಧೆ, ಇನ್ನೊಬ್ಬ ಮಂತ್ರವಾದಿ, ಮತ್ತೊಬ್ಬ ಎಂಥ ಬೀಗವನ್ನಾದರೂ ತೆಗೆಯುವ ಕಳ್ಳ.

"ಮುಂದೆ ಕತ್ತಲೆಯ ಸುರಂಗ. ಒಳಗಿಂದ ಗೊರಕೆ ಕೇಳಿಸ್ತಿದೆ. ಏನ್ ಮಾಡ್ತೀರಿ?" ಎಂದು ಸೂತ್ರಧಾರ ಕೇಳುತ್ತಾನೆ. ಆಟಗಾರರು ಮಾತಿನಲ್ಲೇ ಉತ್ತರಿಸುತ್ತಾರೆ. ಗೋಡೆ ಹತ್ತಿದಳೋ ಜಾರಿ ಬಿದ್ದಳೋ, ಕತ್ತಿ ತಗುಲಿತೋ ಗಾಳಿ ಸೀಳಿತೋ ಎಂಬುದನ್ನು 20 ಮುಖದ ದಾಳವೊಂದು ಹೇಳುತ್ತದೆ. ಪ್ರತಿ ಪಾತ್ರಕ್ಕೂ ಇಷ್ಟು ಎಂದು ಪ್ರಾಣಬಲದ ಅಂಕಗಳಿರುತ್ತವೆ; ಏಟು ಬಿದ್ದಂತೆಲ್ಲ ಅವು ಇಳಿಯುತ್ತವೆ.

ಇಲ್ಲಿ ಒಬ್ಬರು ಗೆದ್ದು ಒಬ್ಬರು ಸೋಲುವುದಿಲ್ಲ. ಎಲ್ಲರೂ ಒಂದೇ ತಂಡ. ಕಥೆ ಒಂದು ಸಂಜೆಗೆ ಮುಗಿಯದೆ ತಿಂಗಳುಗಟ್ಟಲೆ ಓಡಬಹುದು. ಆದ್ದರಿಂದಲೇ ಮಕ್ಕಳಿಗೆ ತಮ್ಮ ಪಾತ್ರದ ಮೇಲೆ ಅಷ್ಟು ಮಮತೆ. ಚೌಕಾಬಾರದಲ್ಲಿ ಕಾಯಿ ಸತ್ತರೆ ಮತ್ತೆ ಹುಟ್ಟುತ್ತದೆ. ಇಲ್ಲಿ ಸತ್ತರೆ ತಾನೇ ಹೆಸರಿಟ್ಟು ಸಾಕಿದ ಪಾತ್ರ ಹೋದ ಹಾಗೆ.

"ಇದರಿಂದ ಮಕ್ಕಳು ಕೆಡುವುದಿಲ್ಲವೇ?" ಎಂದು ಕೆಲವರಿಗೆ ಅಳುಕು. 1980ರ ದಶಕದಲ್ಲಿ ಅಮೆರಿಕದಲ್ಲೇ ಈ ಆಟ ಮಕ್ಕಳನ್ನು ಸೈತಾನನ ಪೂಜೆಗೆ, ಆತ್ಮಹತ್ಯೆಗೆ ಎಳೆಯುತ್ತದೆಂದು ದೊಡ್ಡ ಗುಲ್ಲೆದ್ದಿತ್ತು. ಮುಂದೆ ಪರಿಶೀಲಿಸಿದವರಿಗೆ ಅದಕ್ಕೆ ಆಧಾರ ಸಿಗಲಿಲ್ಲ. ನಿಜವಾಗಿ ನೋಡಿಕೊಳ್ಳಬೇಕಾದದ್ದು ದೆವ್ವವನ್ನಲ್ಲ. ಆಟದಲ್ಲಿ ಯಾರ ಮಾತು ನಡೆಯುತ್ತದೆ, ಯಾರು ಮೂಲೆಗೆ ಸರಿಯುತ್ತಾರೆ ಎಂಬುದನ್ನು.

ಮನೆಯಲ್ಲೇ ಹುಟ್ಟಿದ ಆಟ

ಈ ಆಟ ಹುಟ್ಟಿದ್ದು ದೊಡ್ಡ ಕಾರ್ಖಾನೆಯಲ್ಲಲ್ಲ. ಮಿನ್ನೆಸೋಟದ ಡೇವ್ ಆರ್ನೆಸನ್ ಎಂಬ ಯುವಕ 1971ರ ಸುಮಾರಿಗೆ ಗೆಳೆಯರನ್ನು ಕೂಡಿಕೊಂಡು 'ಬ್ಲ್ಯಾಕ್‌ಮೂರ್' ಎಂಬ ಕಲ್ಪನೆಯ ಸೀಮೆಯಲ್ಲಿ ಆಡುತ್ತಿದ್ದರು. ಮೊದಲಿಗೆ ಅವರು ಹಿಡಿದದ್ದು ಸೈನ್ಯ ಸೈನ್ಯ ಕಾದಾಡುವ ಆಟದ ನಿಯಮ. ಅದರಲ್ಲಿ ಒಂದು ಏಟು ತಗುಲಿದರೆ ಮುಗಿಯಿತು, ಆಳು ಸತ್ತ. ನೂರು ಆಳುಗಳ ದಂಡಿನಲ್ಲಿ ಒಬ್ಬ ಸತ್ತರೆ ಯಾರಿಗೂ ನೋವಿಲ್ಲ. ಆದರೆ ವಾರಗಟ್ಟಲೆ ತಾನೇ ನಡೆಸಿಕೊಂಡು ಬಂದ ಒಬ್ಬನೇ ವೀರ ಒಂದು ಗರಕ್ಕೆ ಸತ್ತರೆ? ಗೆಳೆಯರು ಒಪ್ಪಲಿಲ್ಲ. ಆಗ ಆರ್ನೆಸನ್ ತಮ್ಮದೇ ಹಡಗಿನ ಯುದ್ಧದಾಟದಿಂದ, ಏಟಿಗೆ ಇಷ್ಟಿಷ್ಟೇ ಬಲ ಕುಂದುವ ಪದ್ಧತಿಯನ್ನು ಎರವಲು ತಂದರು. ಇದನ್ನು ಅವರೇ ಮುಂದೆ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇಂದು ಆಟದ ಬೆನ್ನೆಲುಬಾದ ಪ್ರಾಣಬಲದ ಲೆಕ್ಕ ಬಂದದ್ದು ಹೀಗೆ. "ನನ್ನನ್ನ ಸಾಯಿಸಿಬಿಟ್ಟ" ಎಂಬ ದೂರಿಗೆ ಸಿಕ್ಕ ಪರಿಹಾರ ಅದು. ಆಟದ ಮೊದಲ ಮನೆನಿಯಮಗಳಲ್ಲೊಂದು ಎನ್ನಬಹುದು.

ಆರ್ನೆಸನ್ ಈ ಆಟವನ್ನು ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಎಂಬ ಪುಟ್ಟ ಊರಿನ ಗ್ಯಾರಿ ಗೈಗ್ಯಾಕ್ಸ್‌ಗೆ ತೋರಿಸಿದರು. ವಿಮಾ ಕಂಪನಿಯ ಕೆಲಸ ಹೋಗಿ, ಮನೆಯಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡಿ ದುಡಿಯುತ್ತಿದ್ದ ಐದು ಮಕ್ಕಳ ತಂದೆ ಈ ಗೈಗ್ಯಾಕ್ಸ್. ಟಿಪ್ಪಣಿಗಳನ್ನು ತರಿಸಿಕೊಂಡು, ತಿದ್ದಿ ಬೆಳೆಸಿ, ಮೊದಲು ಆಡಿಸಿ ನೋಡಿದ್ದು ತಮ್ಮ ಮಕ್ಕಳಾದ ಅರ್ನಿ ಮತ್ತು ಎಲೀಸ್ ಮೇಲೆ. ಅವರು ಹೇಳಿಕೊಂಡಿದ್ದಂತೆ, ಮಕ್ಕಳಿಬ್ಬರೂ ನೆಲಮಾಳಿಗೆಯಲ್ಲಿ ಮೂರು ಸಾವಿರ ತಾಮ್ರದ ನಾಣ್ಯವಿದ್ದ ಪೆಟ್ಟಿಗೆ ಕಂಡುಹಿಡಿದರಂತೆ. ಆದರೆ ಅದನ್ನು ಎತ್ತಲಾಗದೆ ಪೇಚಾಡಿದರಂತೆ! 1974ರಲ್ಲಿ ಮೂರು ತೆಳು ಪುಸ್ತಕಗಳ ಪೆಟ್ಟಿಗೆಯಾಗಿ ಆಟ ಹೊರಬಂತು. ಮೊದಲ ಮುದ್ರಣ 1,000 ಪ್ರತಿ, ಬೆಲೆ 10 ಡಾಲರ್. ಕೊನೆಯ ಪುಸ್ತಕದ ಕೊನೆಯಲ್ಲಿ, ಮಿಕ್ಕದ್ದನ್ನು ಆಡುವವರೇ ತಮಗೆ ಸರಿಕಂಡಂತೆ ತೀರ್ಮಾನಿಸಿಕೊಳ್ಳಲಿ ಎಂಬ ಅರ್ಥದ ಮಾತಿತ್ತು.

ಅಂಚೆಯಲ್ಲಿ ಓಡಾಡಿದ ನಿಯಮಗಳು

ಹೀಗೆ ಹೇಳಿದ ಮೇಲೆ ಕೇಳಬೇಕೆ? ಊರೂರಿಗೂ ಒಂದೊಂದು ರೀತಿ ಶುರುವಾಯಿತು. ಅವನ್ನೆಲ್ಲ ಒಂದೆಡೆ ಕೂಡಿಸಿದಾಕೆ ಲಾಸ್ ಏಂಜಲೀಸ್‌ನ ಲೀ ಗೋಲ್ಡ್. 1975ರ ಜೂನ್‌ನಲ್ಲಿ ಆಕೆ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಎಂಬ ಪತ್ರಿಕೆ ಆರಂಭಿಸಿದರು. ಆಟಗಾರರು ತಮ್ಮ ತಮ್ಮ ಪುಟಗಳನ್ನು ಬರೆದು ಕಳಿಸುವುದು, ಆಕೆ ಎಲ್ಲವನ್ನೂ ಜೋಡಿಸಿ ಹೊಲಿದು ಎಲ್ಲರಿಗೂ ಅಂಚೆಯಲ್ಲಿ ಕಳಿಸುವುದು. "ನಾವು ಹೀಗೆ ಆಡ್ತೀವಿ, ನಿಮ್ಮಲ್ಲಿ ಹೇಗೆ?" ಎಂಬ ಮಾತುಕತೆಯೇ ಅದರ ಜೀವಾಳ. ಉಪ್ಪಿನಕಾಯಿಯ ಅಳತೆಯನ್ನು ಪತ್ರದಲ್ಲಿ ಬರೆದು ಕಳಿಸಿ, "ನಾನು ಇದಕ್ಕೆ ಸ್ವಲ್ಪ ಮೆಂತ್ಯ ಸೇರಿಸಿದೆ" ಎಂದು ಮರುಪತ್ರ ಪಡೆಯುವ ನಮಗೆ ಇದು ಹೊಸದೇನಲ್ಲ. ಆ ಪತ್ರಿಕೆ ನೂರಾರು ಸಂಚಿಕೆ ನಡೆಯಿತು.

ಎಲ್ಲರೂ ಒಂದೇ ರೀತಿ ಆಡಲು ಒಪ್ಪಿಬಿಟ್ಟರೆ ಆಟ ಸಪ್ಪೆಯಾಗುತ್ತದೆ ಎಂಬ ಅಭಿಪ್ರಾಯವನ್ನು ಗೈಗ್ಯಾಕ್ಸ್ 1975ರಲ್ಲಿ ಅದೇ ಪತ್ರಿಕೆಗೆ ಬರೆದಿದ್ದರು. ಆದರೆ ಆಟ ದೊಡ್ಡದಾಗಿ, ಸ್ಪರ್ಧೆಗಳು ಏರ್ಪಟ್ಟ ಮೇಲೆ ಅವರ ಧಾಟಿ ಬದಲಾಯಿತು. 1977ರಿಂದ 1979ರವರೆಗೆ ಬಂದ 'ಅಡ್ವಾನ್ಸ್ಡ್' ಆವೃತ್ತಿಯ ಕಾಲಕ್ಕೆ ಎಲ್ಲೆಡೆ ಒಂದೇ ನಿಯಮವಿರಬೇಕು ಎಂದು ಪಟ್ಟು ಹಿಡಿದರು. ಎರಡರಲ್ಲೂ ಅರ್ಥವಿದೆ. ಊರವರೆಲ್ಲ ಸೇರುವ ಪಂದ್ಯಕ್ಕೆ ಒಂದೇ ಅಳತೆ ಬೇಕು. ಮನೆಯ ಊಟಕ್ಕೆ ಮನೆಯವರ ನಾಲಿಗೆಯೇ ಅಳತೆ.

ಪುಸ್ತಕವೇ ತಪ್ಪಿದಾಗ

"ಪುಸ್ತಕದಲ್ಲಿದೆ" ಎನ್ನುವ ಮಕ್ಕಳಿಗೆ ಹೇಳಲು ಒಂದು ಸಂಗತಿ ಇದೆ. 1978ರ ಆಟಗಾರರ ಕೈಪಿಡಿಯಲ್ಲಿ ಹೆಣ್ಣು ಪಾತ್ರದ ದೇಹಬಲಕ್ಕೆ ಮಿತಿ ಹಾಕಿದ್ದರು. ದೇಹಬಲ 18 ಬಿದ್ದ ಯೋಧರಿಗೆ ಅದರ ಮೇಲೆ 100ರವರೆಗೆ ಇನ್ನೊಂದು ಮೆಟ್ಟಿಲು ಇತ್ತು. ಗಂಡು 100 ಮುಟ್ಟಬಹುದು. ಹೆಣ್ಣಿಗೆ 50ರಲ್ಲೇ ತಡೆ. ಬೆಂಕಿಯುಗುಳುವ ಘಟಸರ್ಪ ಹಾರಾಡುವ ಲೋಕದಲ್ಲಿ, ಬಲಶಾಲಿ ಹೆಣ್ಣೊಬ್ಬಳನ್ನು ಮಾತ್ರ ನಂಬಲಾಗಲಿಲ್ಲ ನೋಡಿ!

ಆ ಕಂಪನಿಯ ಆಟ ರೂಪಿಸುವ ವಿಭಾಗಕ್ಕೆ 1979ರಲ್ಲಿ ಸೇರಿದ ಮೊದಲ ಮಹಿಳೆ ಜೀನ್ ವೆಲ್ಸ್. ಮಹಿಳಾ ಆಟಗಾರರ ದೂರುಗಳನ್ನು ಆಧರಿಸಿ ಆಕೆ ಸಹೋದ್ಯೋಗಿಯೊಬ್ಬರ ಜೊತೆ ಬರೆದ ಲೇಖನ 'ಡ್ರ್ಯಾಗನ್' ಪತ್ರಿಕೆಯ 1980ರ ಜುಲೈ ಸಂಚಿಕೆಯಲ್ಲಿ ಬಂತು. ಪುಸ್ತಕದ ಆ ಸಾಲು ಅಳಿಸಿಹೋಗಲು 1989ರ ಎರಡನೆಯ ಆವೃತ್ತಿಯವರೆಗೆ ಕಾಯಬೇಕಾಯಿತು. ಆದರೆ ಅಷ್ಟು ವರ್ಷ ಕಾಯದೆ ಆ ಸಾಲನ್ನು ಬದಿಗಿಟ್ಟು ಆಡಿದ ಮನೆಗಳಿದ್ದವು. ಮನೆನಿಯಮದ ದೊಡ್ಡ ಗುಣವೇ ಇದು. ಅಚ್ಚಾದ ಪುಸ್ತಕ ತಿದ್ದಿಕೊಳ್ಳಲು ಹನ್ನೊಂದು ವರ್ಷ ಹಿಡಿಯಿತು. ಚಾಪೆಯ ಮೇಲೆ ಕೂತವರಿಗೆ ಒಂದು ಸಂಜೆ ಸಾಕು.

ನಿಯಮ ಮಾಡುವ ಮುನ್ನ

ಹಾಗೆಂದು ಮನಸ್ಸಿಗೆ ಬಂದದ್ದೆಲ್ಲ ನಿಯಮವಾಗಬಾರದು. ಒಂದು ಮಾತನ್ನು ಮಕ್ಕಳಿಗೆ ಮೊದಲೇ ಮನದಟ್ಟು ಮಾಡಿ. ಆಟಕ್ಕೆ ಮುಂಚೆ ಹೇಳಿದ್ದು ನಿಯಮ, ಆಟದ ನಡುವೆ ಹೇಳಿದ್ದು ಹಠ.

ಮೊದಲು ಎರಡು ಮೂರು ಸಲ ಪುಸ್ತಕದಲ್ಲಿ ಇರುವ ಹಾಗೆಯೇ ಆಡಲಿ. ಹೊಸ ಅಡುಗೆಯನ್ನು ಮೊದಲ ಸಲವೇ ಬದಲಾಯಿಸಿದರೆ, ಕೆಟ್ಟದ್ದು ಅಳತೆಯಿಂದಲೋ ಕೈಯಿಂದಲೋ ತಿಳಿಯುವುದಿಲ್ಲ. ಆಮೇಲೆ, "ಏನು ತೊಂದರೆ?" ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ಸತ್ತವರು ಒಂದು ಗಂಟೆ ಸುಮ್ಮನೆ ಕೂರಬೇಕು.' ಇದು ತೊಂದರೆ. 'ನಾನು ಯಾವಾಗಲೂ ಗೆಲ್ಲೋದಿಲ್ಲ.' ಇದು ತೊಂದರೆಯಲ್ಲ, ಆಸೆ. ಮೂರನೆಯದಾಗಿ, ನಿಯಮ ರಾಕ್ಷಸರಿಗೂ ವೀರರಿಗೂ, ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಆಗಿರಲಿ. ನಾಲ್ಕನೆಯದಾಗಿ, ಲೆಕ್ಕ ಹಾಕಿ ನೋಡಿ. ಲೆಕ್ಕವೆಂದರೆ ಹೆದರಬೇಡಿ. ಐದು ಜನರ ಅಳತೆಯ ಸಾರನ್ನು ಎಂಟು ಜನರಿಗೆ ಹೊಂದಿಸಬಲ್ಲವರಿಗೆ ಇದು ಹೆಚ್ಚಿನದೇನಲ್ಲ.

ನಾಲ್ಕು ದಾಳದ ನಿಯಮ

ಪಾತ್ರದ ಬಲ, ಬುದ್ಧಿ, ಚುರುಕು ಮುಂತಾದ ಆರು ಗುಣಗಳಿಗೆ ಅಂಕ ಬರುವುದು ದಾಳದಿಂದ. ಹಳೆಯ ಪದ್ಧತಿಯಲ್ಲಿ ಸಾಮಾನ್ಯ ದಾಳ ಮೂರನ್ನು ಎಸೆದು ಕೂಡಿಸುವುದು. ಸರಾಸರಿ 10.5 ಬರುತ್ತದೆ. ಪೂರ್ತಿ 18 ಬೀಳುವುದು 216 ಸಲಕ್ಕೆ ಒಂದು ಸಲ. ಹೀಗಾಗಿ ಒಂದು ಮಗುವಿಗೆ ಭೀಮ ಸಿಕ್ಕಿದರೆ ಇನ್ನೊಂದಕ್ಕೆ ಕಡ್ಡಿ ಪೈಲ್ವಾನ ಸಿಗುವುದೂ ಉಂಟು. ಅದೇ ಪಾತ್ರವನ್ನು ತಿಂಗಳುಗಟ್ಟಲೆ ಆಡಬೇಕಲ್ಲ! ಅದಕ್ಕೆ, ನಾಲ್ಕು ದಾಳ ಎಸೆದು ಎಲ್ಲಕ್ಕಿಂತ ಚಿಕ್ಕದನ್ನು ಬಿಟ್ಟು ಮೂರನ್ನು ಕೂಡಿಸಿ. ಸರಾಸರಿ 12ಕ್ಕೆ ಏರುತ್ತದೆ. 18 ಬೀಳುವುದು ಸುಮಾರು 62 ಸಲಕ್ಕೊಮ್ಮೆ. 1979ರ ಸೂತ್ರಧಾರರ ಕೈಪಿಡಿಯಲ್ಲಿ ಇದನ್ನೇ ಮೊದಲ ವಿಧಾನವಾಗಿ ಕೊಟ್ಟರು. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಯಾರೂ ದಯೆ ತೋರಿಸಿದಂತೆಯೂ ಆಗುವುದಿಲ್ಲ.

ಬಿದ್ದವರನ್ನು ಎತ್ತುವ ನಿಯಮ

ಮೊದಲ ಪುಸ್ತಕಗಳಲ್ಲಿ ಪ್ರಾಣಬಲ ಸೊನ್ನೆಗಿಳಿದರೆ ಸಾವು. 1979ರ ಹೊತ್ತಿಗೆ, ಸೊನ್ನೆಯಲ್ಲಿ ಮೂರ್ಛೆ, ಸೊನ್ನೆಯ ಕೆಳಗೆ ಹತ್ತಕ್ಕಿಳಿದರೆ ಸಾವು ಎಂದಾಯಿತು. 2014ರ ಆವೃತ್ತಿಯಲ್ಲಿ ಬಿದ್ದವರು ಸರದಿ ಬಂದಾಗಲೆಲ್ಲ 20 ಮುಖದ ದಾಳ ಎಸೆಯುತ್ತಾರೆ. 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು. ಮೂರು ಸೋಲಿಗೆ ಮುಂಚೆ ಮೂರು ಗೆಲುವು ಬಂದರೆ ಜೀವ ಉಳಿಯಿತು. ಯಾರೂ ನೆರವಿಗೆ ಬಾರದಿದ್ದರೂ ಬದುಕುವ ಸಂಭವ 100ಕ್ಕೆ ಸುಮಾರು 60.

ಒಂದು ಆಟ ನಲವತ್ತು ವರ್ಷದಲ್ಲಿ ಸಾವನ್ನು ಹೇಗೆ ಮೆಲ್ಲಗೆ ದೂರ ತಳ್ಳಿತು ನೋಡಿ. ಆದರೆ ಸಾವನ್ನು ಪೂರ್ತಿ ತೆಗೆದುಹಾಕಬೇಡಿ. ಸೋಲುವ ಭಯವೇ ಇಲ್ಲದಿದ್ದರೆ ಗೆದ್ದದ್ದರ ರುಚಿಯೂ ಇರುವುದಿಲ್ಲ. ಮಕ್ಕಳ ಆಟಕ್ಕೆ ಒಗ್ಗುವ ನಿಯಮ ಹೀಗಿರಬಹುದು: ಸೊನ್ನೆಗೆ ಇಳಿದವರು ಬೀಳುತ್ತಾರೆ, ಮೂರು ಸುತ್ತಿನೊಳಗೆ ಜೊತೆಗಾರರಲ್ಲಿ ಒಬ್ಬರು ಹತ್ತಿರ ಹೋಗಿ ತಮ್ಮ ಸರದಿಯನ್ನು ಬಿಟ್ಟುಕೊಟ್ಟರೆ ಎದ್ದು ಕೂರುತ್ತಾರೆ. ಇದರಲ್ಲಿ ಒಂದು ಉಪಕಾರ ಅಡಗಿದೆ. ತಂಗಿ ಬಿದ್ದಾಗ ಘಟಸರ್ಪಕ್ಕೆ ಕೊನೆಯ ಏಟು ಹಾಕುವುದೋ, ತಂಗಿಯನ್ನು ಎತ್ತುವುದೋ? ಅಣ್ಣ ಆರಿಸಿಕೊಳ್ಳಬೇಕು. ನೀವು ಬುದ್ಧಿ ಹೇಳಬೇಕಾಗಿಯೇ ಇಲ್ಲ.

ಅಷ್ಟಾಗಿಯೂ ಪಾತ್ರ ಸತ್ತರೆ? ಆ ಮಗು ಸುಮ್ಮನೆ ಕೂರಬಾರದು. ಅಂದಿನ ಮಟ್ಟಿಗೆ ದಾರಿಯಲ್ಲಿ ಸಿಕ್ಕ ಸಾಧುವನ್ನೋ, ಕುದುರೆಯಾಳನ್ನೋ, ಕೊನೆಗೆ ಸೂತ್ರಧಾರನ ರಾಕ್ಷಸರನ್ನೋ ಆಡಲಿ. ಪಾತ್ರಕ್ಕೆ ಸಾವಿರಲಿ, ಆಡುವ ಮಗುವಿಗೆ ಆಟ ತಪ್ಪದಿರಲಿ.

20 ಬಿದ್ದರೆ ಎರಡರಷ್ಟು?

ಮಕ್ಕಳು ಖಂಡಿತ ಕೇಳುವ ನಿಯಮ ಇದು. 20 ಮುಖದ ದಾಳದಲ್ಲಿ 20 ಬಿದ್ದರೆ ಏಟಿನ ಬಲ ಎರಡರಷ್ಟು. ಕೇಳಲು ಚೆನ್ನ, ಕುಣಿದಾಡುವ ಹಾಗಿದೆ. ಆದರೆ ಗೈಗ್ಯಾಕ್ಸ್ ಇದನ್ನು ಬಹುಕಾಲ ಒಪ್ಪಲಿಲ್ಲ. ಅವರ ವಾದ ಸರಳ: ವೀರರಿಗೆ ಕೊಟ್ಟದ್ದನ್ನು ರಾಕ್ಷಸರಿಗೂ ಕೊಡಬೇಕು, ಆಗ ನಷ್ಟ ವೀರರಿಗೇ.

ಲೆಕ್ಕ ನೋಡಿ. 20 ಬೀಳುವುದು ಇಪ್ಪತ್ತಕ್ಕೆ ಒಂದು ಸಲ. ಒಂದು ಕಾಳಗದಲ್ಲಿ ನಿಮ್ಮ ಮಗಳ ಯೋಧೆಯ ಮೇಲೆ ಎಂಟು ಏಟು ಬೀಸುತ್ತಾರೆ ಎನ್ನೋಣ. ಹತ್ತು ಕಾಳಗಕ್ಕೆ 80 ಏಟು. ಅಂದರೆ ಸರಾಸರಿ ನಾಲ್ಕು ಸಲ ಎರಡರಷ್ಟು ಪೆಟ್ಟು ಅವಳ ಮೇಲೆ ಬೀಳುತ್ತದೆ. ರಾಕ್ಷಸನೋ, ಒಂದೇ ಕಾಳಗಕ್ಕೆ ಬಂದವನು, ಹೇಗೂ ಅಲ್ಲೇ ಸಾಯುವವನು. ಎರಡರಷ್ಟು ಪೆಟ್ಟಿನಿಂದ ಅವನು ಸ್ವಲ್ಪ ಬೇಗ ಸತ್ತಾನು, ಅಷ್ಟೆ. ಹತ್ತು ಕಾಳಗ ಬದುಕಿ ಉಳಿಯಬೇಕಾದವಳು ನಿಮ್ಮ ಮಗಳ ಯೋಧೆ.

ಇಷ್ಟಾದರೂ ಆಡುವವರು ಈ ನಿಯಮವನ್ನು ಬಿಡಲಿಲ್ಲ. 1989ರ ಆವೃತ್ತಿಯಲ್ಲಿ 'ಬೇಕಾದರೆ ಇಟ್ಟುಕೊಳ್ಳಿ' ಎಂದಾಯಿತು, 2000ದ ಆವೃತ್ತಿಯಲ್ಲಿ ಪುಸ್ತಕದ ನಿಯಮವೇ ಆಯಿತು. ಕುಣಿದಾಡುವ ಸಂತೋಷಕ್ಕೆ ಕೊಡುವ ಬೆಲೆ ಇಷ್ಟು ಎಂದು ತಿಳಿದು ಒಪ್ಪಿದರೆ ತಪ್ಪೇನೂ ಇಲ್ಲ. ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಶಾಲೆಯ ಸಂಭವನೀಯತೆಯ ಪಾಠ ಇಷ್ಟು ಬೇಗ ತಲೆಗೆ ಹತ್ತಿದ್ದನ್ನು ನೀವು ನೋಡಿರಲಾರಿರಿ.

ಪುಟ್ಟವರಿಗೆ ಮರುಗರ

ಹದಿನಾಲ್ಕರ ಅಣ್ಣ, ಎಂಟರ ತಂಗಿ ಜೊತೆಯಾಗಿ ಆಡುವಾಗ "ಅವಳು ಚಿಕ್ಕವಳು, ಬಿಟ್ಟುಕೊಡು" ಎನ್ನುವುದು ನಮಗೆಲ್ಲ ರೂಢಿ. ಅಣ್ಣನಿಗೆ ಅದು ಅನ್ಯಾಯ, ತಂಗಿಗೆ ಅವಮಾನ. ಅದರ ಬದಲು ಪ್ರತಿಯೊಬ್ಬರಿಗೂ ಒಂದು ಸಂಜೆಗೆ ಒಂದು ಮರುಗರ ಕೊಡಿ. ಬಿದ್ದ ಗರ ಬೇಡವೆನಿಸಿದರೆ ಒಮ್ಮೆ ಮತ್ತೆ ಎಸೆಯಬಹುದು. 11 ಅಥವಾ ಹೆಚ್ಚು ಬೇಕಿದ್ದಾಗ ಸಾಮಾನ್ಯವಾಗಿ ಗೆಲುವು 100ಕ್ಕೆ 50, ಮರುಗರವಿದ್ದರೆ 75. 16 ಬೇಕಿದ್ದಾಗ 25 ಇದ್ದದ್ದು ಸುಮಾರು 44 ಆಗುತ್ತದೆ. ದಾಳದ ಮುಂದೆ ಎಂಟು ವರ್ಷದವಳೂ ಹದಿನಾಲ್ಕರವನೂ ಒಂದೇ.

ಇದರ ಜೊತೆಗೆ ಇನ್ನೊಂದು ಕಟ್ಟು ಇರಲಿ: ಕೇಳದೆ ಸಲಹೆ ಕೊಡುವಂತಿಲ್ಲ, ಒಬ್ಬರ ಸರದಿಯನ್ನು ಇನ್ನೊಬ್ಬರು ಆಡುವಂತಿಲ್ಲ. "ನೀನು ಸುಮ್ನೆ ಪಂಜು ಹಿಡ್ಕೊಂಡು ನಿಂತ್ಕೋ" ಎಂದು ಚಿಕ್ಕವರನ್ನು ಕೂರಿಸಿ, ಜಾಣರೇ ಎಲ್ಲವನ್ನೂ ಆಡಿಬಿಡುವುದು ಈ ಆಟದಲ್ಲಿ ಬಹಳ. ಸರದಿ ವೃತ್ತದಂತೆ ಸುತ್ತಲಿ. ಏನೂ ತೋಚದಿದ್ದರೂ ಆ ಅರ್ಧ ನಿಮಿಷ ಅವಳದೇ.

ಸಾಕು ಎನ್ನುವ ರಟ್ಟು

ಕಥೆಯಲ್ಲಿ ಭಯ ಬೇಕು, ಆದರೆ ಯಾರಿಗೆ ಯಾವುದು ಮಿತಿ ಮೀರಿದ ಭಯ ಎಂದು ಹೇಳಬರುವುದಿಲ್ಲ. ಹಾವಿನ ಹೆಸರೆತ್ತಿದರೆ ನಿದ್ದೆಗೆಡುವ ಮಕ್ಕಳಿದ್ದಾರೆ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಕಥೆಯ ಚಿತೆಯೂ ನೋಯಿಸೀತು. 2013ರಲ್ಲಿ ಜಾನ್ ಸ್ಟಾವ್ರೊಪೌಲೋಸ್ ಎಂಬುವರು ಇದಕ್ಕೊಂದು ಸುಲಭ ಉಪಾಯ ಸೂಚಿಸಿದರು. ಗುಣಿಸು ಚಿಹ್ನೆ ಬರೆದ ರಟ್ಟೊಂದನ್ನು ನಡುವೆ ಇಡುವುದು. ಯಾರಾದರೂ ಅದನ್ನು ಮುಟ್ಟಿದರೆ ಆ ಸಂಗತಿಯನ್ನು ಅಲ್ಲೇ ಬಿಟ್ಟು ಕಥೆ ಮುಂದಕ್ಕೆ ಹೋಗಬೇಕು. "ಯಾಕೆ?" ಎಂದು ಕೇಳುವಂತಿಲ್ಲ, ನಗುವಂತಿಲ್ಲ. ಬಾಯಿ ಬಿಟ್ಟು ಹೇಳಲಾರದ ಮಗುವೂ ಕೈ ಚಾಚಬಲ್ಲದು.

ಇವತ್ತೇ ಶುರುಮಾಡಲು

ಬೇಕಾಗುವ ಸಾಮಾನು:

ಲೂಡೋ ದಾಳ – 4

1ರಿಂದ 20ರವರೆಗೆ ಸಂಖ್ಯೆ ಬರೆದು ಮಡಿಚಿದ ಚೀಟಿ – 20

ಸ್ಟೀಲ್ ಲೋಟ – 1

ಹುಣಸೆಬೀಜ – ಒಂದು ಹಿಡಿ

ಗುಣಿಸು ಚಿಹ್ನೆ ಬರೆದ ರಟ್ಟು – 1

ನೂರು ಪುಟದ ನೋಟುಬುಕ್ಕು – 1

ಮಾಡುವ ವಿಧಾನ: 20 ಮುಖದ ದಾಳ ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಚಿಂತೆಯಿಲ್ಲ. ಚೀಟಿಗಳನ್ನು ಲೋಟಕ್ಕೆ ಹಾಕಿ ಕುಲುಕಿ ಒಂದನ್ನು ಎತ್ತಿ. ಎತ್ತಿದ ಚೀಟಿಯನ್ನು ಪ್ರತಿ ಸಲವೂ ಮತ್ತೆ ಲೋಟಕ್ಕೆ ಹಾಕಲೇಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. 1979ರಲ್ಲಿ ದಾಳಗಳ ಕೊರತೆಯಾದಾಗ ಪ್ರಕಾಶಕರೇ ಪೆಟ್ಟಿಗೆಯಲ್ಲಿ ಸಂಖ್ಯೆಯ ಚೀಟಿಗಳನ್ನು ಇಟ್ಟು ಕಳಿಸಿದ್ದರು; ನೀವು ಮಾಡಿದರೆ ಕಡಿಮೆಯೇನಲ್ಲ. ಹುಣಸೆಬೀಜಗಳನ್ನು ಪ್ರಾಣಬಲಕ್ಕೆ ತಕ್ಕಷ್ಟು ಎಣಿಸಿ ಕೊಡಿ. ಏಟು ಬಿದ್ದಾಗ ವಾಪಸು ಕೊಡಬೇಕು. ಕಳೆಯುವ ಲೆಕ್ಕ ಬಾರದ ಪುಟ್ಟವರಿಗೂ ತಮ್ಮ ಸ್ಥಿತಿ ಕಣ್ಣಿಗೆ ಕಾಣುತ್ತದೆ. ಪ್ರಕಾಶಕರು ಮೂಲ ನಿಯಮಗಳ ಒಂದು ಭಾಗವನ್ನು ಉಚಿತವಾಗಿಯೂ ಕೊಡುತ್ತಾರೆ. ದುಬಾರಿ ಪುಸ್ತಕವನ್ನೇ ಕೊಳ್ಳಬೇಕೆಂದಿಲ್ಲ.

ನೋಟುಬುಕ್ಕಿನ ಒಂದು ಪುಟಕ್ಕೆ ಒಂದೇ ನಿಯಮ. ಮೇಲೆ ತಾರೀಖು, ಕೆಳಗೆ ಆಡುವವರೆಲ್ಲರ ಸಹಿ. ಸಹಿ ಮಾಡಲು ಬಾರದವರು ಹೆಬ್ಬೆಟ್ಟು ಒತ್ತಲಿ, ಅವರಿಗೂ ಖುಷಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ಗಂಜೀಫಾ ಆಟಗಳ ವಿವರವನ್ನು 'ಶ್ರೀತತ್ತ್ವನಿಧಿ'ಯಲ್ಲಿ ಬರೆಸಿ ಇಟ್ಟಿದ್ದರಿಂದಲೇ ಅವು ಇಂದಿಗೂ ನಮಗೆ ತಿಳಿದಿವೆ. ಬಾಯಿಮಾತಿನ ನಿಯಮ ಗೆದ್ದವನ ನೆನಪಿನಂತೆ ಬದಲಾಗುತ್ತದೆ, ಬರೆದದ್ದು ಬದಲಾಗುವುದಿಲ್ಲ.

ಹೊಸ ನಿಯಮಕ್ಕೆ ಮೂರು ಸಂಜೆಯ ಗಡುವು ಕೊಡಿ. ಮೂರನೆಯ ಸಂಜೆ ಆಟ ಮುಗಿದ ಮೇಲೆ ಕೈ ಎತ್ತಿಸಿ ಕೇಳಿ, ಇಟ್ಟುಕೊಳ್ಳೋಣವೋ ಬಿಡೋಣವೋ? ಆಟದ ನಡುವೆ ವಿವಾದ ಬಂದರೆ ಅಂದಿಗೆ ಸೂತ್ರಧಾರ ಹೇಳಿದ್ದೇ ಕೊನೆ. ಚರ್ಚೆ ಏನಿದ್ದರೂ ಆಟ ಮುಗಿದ ಮೇಲೆ. ಸೂತ್ರಧಾರನಿಗೂ ಒಂದು ನಿಯಮ ಹಾಕಿ. ತಾನು ಕೊಟ್ಟ ತೀರ್ಪನ್ನು ಅವನೇ ಪುಸ್ತಕದಲ್ಲಿ ಬರೆಯಬೇಕು. ನಾಳೆ ಅದು ತನಗೂ ಅನ್ವಯಿಸುತ್ತದೆ ಎಂದು ಗೊತ್ತಿದ್ದವನು ಇವತ್ತು ಯೋಚಿಸಿ ಮಾತಾಡುತ್ತಾನೆ. ಆಟ ಎಷ್ಟು ಗಂಟೆಗೆ ನಿಲ್ಲಬೇಕು, ಚಕ್ಕುಲಿ ತಿಂದ ಕೈಯಲ್ಲಿ ಚೀಟಿ ಮುಟ್ಟಬಹುದೋ ಬಾರದೋ ಎಂಬುದೂ ಅದೇ ಪುಸ್ತಕದಲ್ಲಿರಲಿ. ಅದಕ್ಕೆ ಮಾತ್ರ ಮೊದಲ ಸಹಿ ನಿಮ್ಮದು!

ಕೊನೆಯದಾಗಿ ಒಂದು ಮಾತು. ಮಕ್ಕಳ ಆಟದಲ್ಲಿ ನಮಗೆ ಸಿಗುವುದು ಯಾವಾಗಲೂ ನ್ಯಾಯಾಧೀಶರ ಕುರ್ಚಿ, ಇಲ್ಲವೇ ತಿಂಡಿಯ ತಟ್ಟೆ. ಈ ಸಲ ಒಂದು ಪಾತ್ರ ತೆಗೆದುಕೊಂಡು ನೀವೂ ಚಾಪೆಯ ಮೇಲೆ ಕೂತುಬಿಡಿ. ನಿಮ್ಮ ಸರದಿ ಬಂದಾಗ "ಅಮ್ಮಂಗೆ ಗೊತ್ತಾಗಲ್ಲ, ನಾನೇ ಆಡ್ತೀನಿ" ಎಂದು ಯಾರಾದರೂ ಲೋಟಕ್ಕೆ ಕೈ ಹಾಕಿದರೆ ಬಾಯಿ ನೋಯಿಸಿಕೊಳ್ಳಬೇಡಿ. ನೋಟುಬುಕ್ಕು ತೆರೆದು ಪುಟ ತೋರಿಸಿ. ಒಬ್ಬರ ಸರದಿಯನ್ನು ಇನ್ನೊಬ್ಬರು ಆಡುವಂತಿಲ್ಲ. ಕೆಳಗೆ ಅವರದೇ ಸಹಿ ಇದೆ.